ಅತ್ತೆಯ ಟೀವಿಯಲ್ಲಿ ಚೌಕಾಬಾರ

ನಮ್ಮ ಮನೆಯ ಟೀವಿಗೆ ಬಾಗಿಲಿತ್ತು. ಮರದ ಪೆಟ್ಟಿಗೆ, ಅತ್ತಿತ್ತ ಸರಿಯುವ ಎರಡು ಬಾಗಿಲು, ನಡುವೆ ಪುಟ್ಟ ಬೀಗ. ಬೀಗದ ಕೈ ನಮ್ಮ ಅತ್ತೆಯ ಸೊಂಟದಲ್ಲಿ. ಇಚಲಕರಂಜಿಯ ನಮ್ಮ ಓಣಿಗೆ ಬಂದ ಮೊದಲ ಟೀವಿ ಅದು. ಮೊಣಕಾಲು ನೋವಿನಿಂದ ಅತ್ತೆ ಹೊರಗೆ ತಿರುಗಾಡುವುದು ಕಡಿಮೆಯಾದ ಮೇಲೆ ನಮ್ಮ ಮನೆಯವರು ತಾಯಿಗೆಂದೇ ತಂದದ್ದು. ಹೀಗಾಗಿ ಅದು ಮನೆಯ ಟೀವಿ ಅಲ್ಲ, ಅತ್ತೆಯ ಟೀವಿ. ಸೋಮವಾರ ಅದಕ್ಕೂ ವಿಭೂತಿ ಬೀಳುತ್ತಿತ್ತು. ಅದರಲ್ಲಿ ಬರುತ್ತಿದ್ದದ್ದು ಮರಾಠಿ, ಇಲ್ಲವೆ ಹಿಂದಿ. ಮರಾಠಿ ಅತ್ತೆಗೆ ಸಂತೆಯಲ್ಲಿ ಬದನೆಕಾಯಿ ಚೌಕಾಸಿ ಮಾಡುವಷ್ಟು ಗೊತ್ತು, ಹಿಂದಿ ಅಷ್ಟೂ ಇಲ್ಲ. ಆದರೂ ಎಲ್ಲವನ್ನೂ ನೋಡುವರು. ಸುದ್ದಿ ಓದುವ ಹೆಂಗಸಿನ ಸೀರೆಯ ಅಂಚು ಯಾವ ಊರಿನದೆಂದು ಮಗನ ಜೊತೆ ವಾದಕ್ಕಿಳಿಯುವರು. ಸುದ್ದಿ ಏನು ಬಂತೆಂದು ಕೇಳಿದರೆ ಮಾತ್ರ, "ಯಾರಿಗ್ಗೊತ್ತ, ಏನೋ ಬಡಬಡಸತಾಳ" ಎಂದು ಬಾಗಿಲು ಸರಿಸಿ ಬೀಗ ಹಾಕುವರು.

ಆ ಬಾಗಿಲು ತೆರೆಸಲು ನಾನು ಒಂದು ಮಳೆಗಾಲವಿಡೀ ಹೆಣಗಿದೆ. ಎಂಬತ್ತರ ದಶಕದ ನಡುವಿನ ಮಾತು. ಮದುವೆಯಾಗಿ ಗಡಹಿಂಗ್ಲಜದಿಂದ ಈ ಮನೆಗೆ ಬಂದು ಕೆಲವು ವರ್ಷಗಳಾಗಿದ್ದವು. ನಮ್ಮ ಮನೆಯವರು ಮಗ್ಗದ ಮಾಲೀಕರಿಗೆ ಸೀರೆ ಅಂಚಿನ ಡಿಸೈನು ಬರೆದುಕೊಡುವ ಕೆಲಸದವರು. ಚೌಕಳಿ ಕಾಗದದ ಮೇಲೆ ಒಂದೊಂದೇ ಮನೆ ತುಂಬುತ್ತ ಇಡೀ ದಿನ ಬಗ್ಗಿ ಕೂತಿರುವ ಮನುಷ್ಯ. ಕರೆದರೆ ಎರಡನೇ ಸಲಕ್ಕೆ ಓಗೊಡುವವರು. ನಾನು ಕಾಲೇಜಿನಲ್ಲಿ ಗಣಿತ ಓದಿ ಬಂದವಳು. ಆ ಗಣಿತವೆಲ್ಲ ಹಾಲಿನವನ ಲೆಕ್ಕಕ್ಕೆ ಖರ್ಚಾಗುತ್ತಿತ್ತು. ಅದಕ್ಕೆ ಸಿಟ್ಟೂ ಬರುತ್ತಿತ್ತು, ಯಾರ ಮೇಲೆ ಸಿಟ್ಟಾಗಬೇಕೆಂದು ತಿಳಿಯುತ್ತಿರಲಿಲ್ಲ.

ಒಂದು ಭಾನುವಾರ ನಮ್ಮ ಮನೆಯವರ ಬಾಲ್ಯದ ಗೆಳೆಯ ಬಂದರು. ನಮ್ಮವರೇ, ಮನೆಮಾತು ಕನ್ನಡ, ಶಾಲೆ ಕಲಿತದ್ದು ಮರಾಠಿ. ಕೊಲ್ಹಾಪುರದಲ್ಲಿ ಮನೆ, ಶಿರೋಳಿಯ ಒಂದು ಕಾರಖಾನೆಯಲ್ಲಿ ಇಂಜಿನಿಯರು. ಬಗಲಲ್ಲಿ ಒಂದು ಚೀಲ. ಚೀಲದಿಂದ ತೆಗೆದು ಚಾಪೆಯ ಮೇಲಿಟ್ಟದ್ದು ಅಂಗೈಗಿಂತ ಸ್ವಲ್ಪ ದೊಡ್ಡದಾದ ಕರಿಯ ಪೆಟ್ಟಿಗೆ, ಮೈತುಂಬ ರಬ್ಬರಿನ ಕೀಲಿಗಳು. ಅವರ ಅಕ್ಕನ ಗಂಡ ಹಡಗಿನ ಕೆಲಸದಲ್ಲಿದ್ದವರು, ವಿಲಾಯತಿಯಿಂದ ತಂದುಕೊಟ್ಟದ್ದಂತೆ.

"ಏನಪ್ಪಾ ಇದು, ರೇಡಿಯೋದ ಮರಿ?" ಎಂದರು ಅತ್ತೆ.

"ಕಂಪ್ಯೂಟರ್ ರೀ ಅವ್ವಾ. ಟೀವಿಗೆ ತಗಲಿಸಿದ್ರ ನಡೀತೈತಿ."

ಟೀವಿ ಎಂದಕೂಡಲೇ ಅತ್ತೆಯ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಗೆಳೆಯರು ನಕ್ಕು ಹೇಳಿದರು: "ದಸರಾದ ತನಕಾ ಇಲ್ಲೇ ಇರಲಿ. ಫ್ಯಾಕ್ಟರ್ಯಾಗ ದೊಡ್ಡದು ಬಂದೈತಿ, ನನಗ ಇದರ ಮ್ಯಾಲ ಮನಸ ಉಳಿದಿಲ್ಲ. ನನ್ನ ಮಾವನ ಮಗ ಇದು ತನಗ ಬೇಕಂತ ಭಾಳ ಬೆನ್ನ ಹತ್ಯಾನ. ಆದ್ರ ನಿಮ್ಮ ಸೊಸಿ, ನಮ್ಮ ವೈನಿಯವರು, ಗಣಿತದವರು, ಅವರಿಗೆ ಉಪಯೋಗ ಆಗತೈತೇನೋ ಅಂತ ಮೊದ್ಲ ಇಲ್ಲಿ ತಂದೇನಿ. ಟೀವಿ ನಿಮ್ಮದು, ನೀವು ಹೂಂ ಅಂದ್ರ ಇದು ಇಲ್ಲೇ. ಇಲ್ಲಂದ್ರ ದಸರಾಕ್ಕ ಬಂದು ಒಯ್ತೇನಿ."

ಅತ್ತೆ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. "ನೋಡೂಣು" ಎಂದರು. ಆ ಮನೆಯಲ್ಲಿ 'ನೋಡೂಣು' ಅಂದರೆ ಮುಕ್ಕಾಲು ಪಾಲು ಇಲ್ಲ ಎಂದೇ. ಮಧ್ಯಾಹ್ನ ಅವರು ಅಡ್ಡಾಗುವ ಹೊತ್ತಿಗೆ ಮಾತ್ರ ಟೀವಿ ನನಗೆ ಸಿಕ್ಕಿತು.

ಮೊದಲ ದಿನ ನಾನು ಮಾಡಿದ ಕೆಲಸ ಇವತ್ತಿಗೂ ಹೇಳಿಕೊಳ್ಳಲು ನಾಚಿಕೆಯಿಲ್ಲ. ಜೊತೆಗೆ ಬಂದ ಇಂಗ್ಲಿಷ್ ಪುಸ್ತಕ ನೋಡಿ ಎರಡು ಸಾಲು ಬರೆದೆ. ಒಂದನೆಯ ಸಾಲು: 'ಚಹಾ' ಎಂದು ಬರೆ. ಎರಡನೆಯ ಸಾಲು: ಮತ್ತೆ ಮೊದಲಿಗೆ ಹೋಗು. ಕೀಲಿ ಒತ್ತಿದೆ. ಪರದೆಯ ಮೇಲಿಂದ ಕೆಳಗಿನವರೆಗೆ ಚಹಾ ಚಹಾ ಚಹಾ. ಅದೂ ಇಂಗ್ಲಿಷ್ ಅಕ್ಷರದಲ್ಲಿ. ನಾನೊಬ್ಬಳೇ ಕೂತು ಬಾಯಿಗೆ ಸೆರಗು ಹಿಡಿದು ನಕ್ಕೆ. ಆ ಮನೆಯಲ್ಲಿ ನಾನು ಹೇಳಿದ್ದನ್ನು ಮರುಮಾತಿಲ್ಲದೆ ಕೇಳುವ ಒಂದೇ ಒಂದು ವಸ್ತು ಅದಾಗಿತ್ತು. ತಪ್ಪು ಹೇಳಿದರೆ ಮುಖ ಗಂಟಿಕ್ಕುವುದಿಲ್ಲ, ಇಂಥ ಸಾಲಿನಲ್ಲಿ ತಪ್ಪಿದೆ ಎಂದು ತೋರಿಸಿ ಸುಮ್ಮನಾಗುತ್ತದೆ. ನನಗೆ ಅದರ ಮೇಲೆ ಪ್ರೀತಿಯೇ ಹುಟ್ಟಿತು. ದಸರೆಗೆ ಅದು ಹೋಗುತ್ತದೆ ಎಂಬುದು ನೆನಪಾದರೆ ಗೋಡೆಯ ಕ್ಯಾಲೆಂಡರಿನಲ್ಲಿ ದಿನ ಎಣಿಸುತ್ತಿದ್ದೆ.

ಆ ಪೆಟ್ಟಿಗೆಗೆ ನೆನಪು ಇರಲಿಲ್ಲ. ವಿದ್ಯುತ್ತು ಹೋಯಿತೆಂದರೆ ಬರೆದದ್ದೆಲ್ಲ ಹೋಯಿತು. ಉಳಿಸಬೇಕೆಂದರೆ ಟೇಪ್ ರೆಕಾರ್ಡರಿಗೆ ಜೋಡಿಸಿ ಕ್ಯಾಸೆಟ್ಟಿನಲ್ಲಿ ತುಂಬಬೇಕು. ಜೋಡಿಸುವ ವೈರು ತರಲೆಂದು ನಾನೂ ನಮ್ಮ ಮನೆಯವರೂ ಕೊಲ್ಹಾಪುರಕ್ಕೆ ಹೋಗಿ, ರಂಕಾಳ ಕೆರೆಯ ದಂಡೆಯಲ್ಲಿ ಭೇಳ್ ತಿಂದು, ವೈರನ್ನು ಬಸ್ಸಿನಲ್ಲಿ ಮರೆತು, ಇಳಿದವರು ಓಡಿ ಹೋಗಿ ಮತ್ತೆ ಹತ್ತಿ ತಂದೆವು. ಖಾಲಿ ಕ್ಯಾಸೆಟ್ಟು ತರುವುದು ಆ ಗಡಿಬಿಡಿಯಲ್ಲಿ ಇಬ್ಬರಿಗೂ ಹೊಳೆಯಲಿಲ್ಲ. ಮನೆಯಲ್ಲಿದ್ದ ವಚನಗಳ ಕ್ಯಾಸೆಟ್ಟಿನ ಹಿಂಬದಿ ಖಾಲಿಯಿತ್ತು, ಅದಕ್ಕೇ ತುಂಬಿದೆ. ಮರುದಿನ ಮುಂಜಾನೆ ಪೂಜೆಗೆ ಕೂತ ಅತ್ತೆ, ಕ್ಯಾಸೆಟ್ಟು ಹಿಂಬದಿಗೆ ತಿರುಗಿದ್ದು ಗೊತ್ತಿಲ್ಲದೆ, ವಚನ ಹಾಕಿದರೆ, ಕೀಂಽಽ ಎಂದು ಹರಿದ ತಗಡು ಉಜ್ಜಿದಂಥ ಸದ್ದು ಮನೆಯೆಲ್ಲ ತುಂಬಿತು. ಪಕ್ಕದ ಮನೆಯ ಮರಾಠಿ ಹೆಂಗಸು, ನಾವೆಲ್ಲ ಕಾಕು ಎಂದು ಕರೆಯುತ್ತಿದ್ದವರು, ಓಡಿಬಂದರು.

"ಇದ್ಯಾವ ಊರಿನ ಭಜನಿ?" ಎಂದು ಅತ್ತೆ ನನ್ನ ಕಡೆ ನೋಡಿದರು.

"ಅದು ನನ್ನ ಪ್ರೋಗ್ರಾಮ್ ರೀ ಅತ್ತಿ."

"ನೀ ಹಿಂಗ ಹಾಡತೀ ಅಂತ ಮದವಿ ಮುಂಚೆ ಯಾರೂ ಹೇಳಿರಲಿಲ್ಲ."

ಹೀಗೆ ಸಾಗಿತ್ತು. ಗೆಳೆಯರು ಪೆಟ್ಟಿಗೆಯ ಜೊತೆ ಒಂದೆರಡು ಆಟಗಳ ಕ್ಯಾಸೆಟ್ಟನ್ನೂ ಕೊಟ್ಟಿದ್ದರು. ಒಂದು ಮಧ್ಯಾಹ್ನ ಅತ್ತೆಗೆ ನಿದ್ದೆ ಬರದೆ ಎದ್ದು ಬಂದು ನನ್ನ ಹಿಂದೆ ನಿಂತರು. ಪರದೆಯ ಮೇಲೆ ಪುಟ್ಟ ಮನುಷ್ಯನೊಬ್ಬ ಏಣಿ ಹತ್ತಿ, ಜಿಗಿದು, ಬಿದ್ದು ಸಾಯುತ್ತಿದ್ದ. ಅವರು ಬಹಳ ಹೊತ್ತು ನೋಡಿ, "ಈ ಗಂಡಸು ಯಾಕ ಸುಮ್ನ ಜಿಗ್ಯಾಕತ್ತಾನ? ಮನ್ಯಾಗ ಕೆಲಸಿಲ್ಲೇನ ಅವಗ?" ಎಂದರು. ಆಮೇಲೆ ಹೊರಗಿನ ಕಟ್ಟೆಗೆ ಹೋಗಿ ಕಾಕುವನ್ನು ಕರೆದು ಚೌಕಾಬಾರ ಹಾಸಿದರು.

ಚೌಕಾಬಾರ ಅಂದರೆ ಅತ್ತೆಗೆ ಪ್ರಾಣ. ಕಟ್ಟೆಯ ಕಲ್ಲಿನ ಮೇಲೆ ಕೊರೆದ ಮನೆಗಳು, ನಾಲ್ಕು ಕವಡಿ, ಕಾಯಿಗೆಂದು ಬಳೆಚೂರು, ಹುಣಸೆಬೀಜ. ನಾಲ್ಕೂ ಕವಡಿ ಅಂಗಾತ ಬಿದ್ದರೆ ಚೌಕಾ, ನಾಲ್ಕೂ ಬೋರಲು ಬಿದ್ದರೆ ಬಾರಾ, ಅದೇ ಎಲ್ಲಕ್ಕಿಂತ ದೊಡ್ಡ ಗರ. ಕಾಯಿ ಸುತ್ತು ಹಾಕಿ ನಡುಮನೆ ಸೇರಿದರೆ ಅದು ಹಣ್ಣಾಯಿತು. ಓಣಿಯಲ್ಲಿ ಅತ್ತೆಯನ್ನು ಸೋಲಿಸಿದವರಿಲ್ಲ. ಅದಕ್ಕೆ ಕಾರಣ ಎರಡು: ಅವರಿಗೆ ಆಟ ಚೆನ್ನಾಗಿ ಬರುತ್ತಿತ್ತು, ಮತ್ತು ಕವಡಿ ಉರುಳಿಸುವಾಗ ಅವರ ಮಣಿಕಟ್ಟು ಒಂದು ಚೂರು ವಾಲುತ್ತಿತ್ತು. ಕಾಕುಗೂ ಗೊತ್ತು, ನನಗೂ ಗೊತ್ತು. ಯಾರೂ ಆಡಿ ತೋರಿಸುತ್ತಿರಲಿಲ್ಲ.

ಕಟ್ಟೆಯ ಮೇಲಿನ ಆ ಚೌಕಗಳನ್ನು ನೋಡುತ್ತ ನಿಂತಾಗ ನನಗೆ ಹೊಳೆಯಿತು. ಅತ್ತೆಯನ್ನು ಪೆಟ್ಟಿಗೆಯ ಹತ್ತಿರ ಎಳೆಯುವ ಬದಲು ಕಟ್ಟೆಯನ್ನೇ ಪೆಟ್ಟಿಗೆಯೊಳಗೆ ತಂದರೆ ಹೇಗೆ? ಪೆಟ್ಟಿಗೆ ಅವರ ಜೊತೆ ಚೌಕಾಬಾರ ಆಡಬೇಕು. ಆಡಿದರೆ ಹೂಂ ಎಂದಾರು. ಖುಷಿಯಲ್ಲಿ ಒಲೆಯ ಮೇಲಿನ ಹಾಲು ಮರೆತು ಬೈಸಿಕೊಂಡೆ.

ನಾಗರಪಂಚಮಿಗೆ ತವರು ಗಡಹಿಂಗ್ಲಜಕ್ಕೆ ಹೋದಾಗ ಉಂಡಿ ತಿನ್ನುವುದನ್ನೂ ಬಿಟ್ಟು ಅವ್ವನನ್ನೂ ಚಿಕ್ಕವ್ವನನ್ನೂ ಹಿಡಿದು ಆಟದ ನಿಯಮಗಳನ್ನು ಕೇಳಿದೆ. ಎದುರಾಳಿಯ ಕಾಯಿ ಒಂದನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂದು ಅವ್ವ. ಹೋಗಬಹುದು, ನಿಮ್ಮವ್ವ ತನ್ನ ಕಾಯಿ ಹಿಂದೆ ಬಿದ್ದಾಗ ಮಾಡಿದ ಕಾಯಿದೆ ಅದು ಎಂದು ಚಿಕ್ಕವ್ವ. ಇಬ್ಬರೂ ನನ್ನನ್ನು ಮರೆತು ತಾವು ಹುಡುಗಿಯರಾಗಿದ್ದ ಕಾಲದ ಆಟಗಳನ್ನೆಲ್ಲ ತೆಗೆದು ಕಾದಾಡಿದರು. ಕೊನೆಗೆ ಅವ್ವ ಅಂದಳು: "ನಿಮ್ಮತ್ತಿ ಹೆಂಗ ಆಡತಾರ ಹಂಗ ಮಾಡವ್ವ. ನಮ್ಮ ಮನಿ ಕಾಯಿದೆ ಅಲ್ಲಿ ಹಾಕಿದ್ಯಂದ್ರ ಆ ಮಷಿನ್ನೂ ಹೊರಗ, ನೀನೂ ಹೊರಗ." ನಾನು ಅವಳ ಮಾತು ಕೇಳಿದೆ.

ಬರುವಾಗಲೇ ಇನ್ನೊಂದು ಹಟ ತಲೆಗೆ ಹೊಕ್ಕಿತ್ತು. ಆಟ ಪರದೆಯ ಮೇಲೆ ಅಕ್ಷರ ಮೂಡಿಸಿ ಮಾತಾಡಬೇಕು, ಅದೂ ಕನ್ನಡದಲ್ಲಿ. ನಮ್ಮ ಇಚಲಕರಂಜಿಯ ಮನೆಯ ಸ್ಥಿತಿ ಹೇಳುತ್ತೇನೆ. ಮಾತು ಕನ್ನಡ, ಬೈಗುಳ ಕನ್ನಡ, ದೇವರು ಕನ್ನಡ. ಬರವಣಿಗೆ ಮಾತ್ರ ಮರಾಠಿ. ನಮ್ಮ ಮನೆಯವರಿಗೆ ಕನ್ನಡದ ಒಂದಕ್ಷರ ಓದಲು ಬರುವುದಿಲ್ಲ. ಅತ್ತೆಗೆ ಯಾವ ಅಕ್ಷರವೂ ಬರುವುದಿಲ್ಲ, ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಗಡಹಿಂಗ್ಲಜದಲ್ಲಿ ಕನ್ನಡ ಶಾಲೆಗೆ ಹೋಗಿದ್ದ ನಾನೊಬ್ಬಳೇ ಆ ಮನೆಯಲ್ಲಿ ಕನ್ನಡ ಓದುವವಳು. ಓದಲು ಯಾರೂ ಇಲ್ಲದ ಮನೆಯಲ್ಲಿ ಅಕ್ಷರ ಮಾಡಿ ಯಾರಿಗೆ ತೋರಿಸುತ್ತೀ ಎಂದು ನಮ್ಮ ಮನೆಯವರು ಕೇಳಿದರು. "ನಿಮಗಲ್ಲ" ಎಂದೆ.

ಪೆಟ್ಟಿಗೆಗೆ ಕನ್ನಡ ಬರುವುದಿಲ್ಲ. ಆದರೆ ಕೆಲವೇ ಕೆಲವು ಅಕ್ಷರಗಳ ಆಕಾರವನ್ನು ನಾವೇ ಕಲಿಸಬಹುದು ಎಂದು ಪುಸ್ತಕದಲ್ಲಿತ್ತು. ಒಂದೊಂದಕ್ಕೆ ಎಂಟು ಮನೆ ಅಗಲ, ಎಂಟು ಮನೆ ಎತ್ತರ. ಯಾವ ಮನೆ ತುಂಬಬೇಕು, ಯಾವುದು ಖಾಲಿ ಎಂದು ಹೇಳಬೇಕು. ಇದಕ್ಕೆ ಕಾಗದ ಹುಡುಕಿಕೊಂಡು ಎಲ್ಲಿಗೂ ಹೋಗಬೇಕಿರಲಿಲ್ಲ, ಗಂಡನ ಮೇಜಿನ ಮೇಲೆ ರಾಶಿ ಬಿದ್ದಿತ್ತು. ನಾನು ಬರೆದ ಮೊದಲ 'ಳಿ'ಯನ್ನು ನೋಡಿ ಅವರು, "ಇದು ಅಕ್ಷರನೋ, ಮಾವಿನಕಾಯಿನೋ?" ಎಂದರು. ಆಮೇಲೆ ಅವರೇ ಪೆನ್ಸಿಲ್ ಕಸಿದುಕೊಂಡರು. ಓದಲು ಬಾರದ ಅಕ್ಷರಗಳನ್ನು ಸೀರೆಯ ಅಂಚಿನ ಬಳ್ಳಿಯಂತೆ ತಿದ್ದಿದರು. ಇಲ್ಲೊಂದು ಮನೆ ಬಿಡು, ದೂರದಿಂದ ನೋಡಿದರೆ ದುಂಡಗೆ ಕಾಣುತ್ತದೆ ಎನ್ನುವರು. ನಾನು ಪರದೆಗೆ ತಂದು ನೋಡಿದರೆ ನಿಜವಾಗಿಯೂ ದುಂಡಗೆ ಕಾಣುತ್ತಿತ್ತು. ಮದುವೆಯಾದ ಮೇಲೆ ನಾವಿಬ್ಬರೂ ಸೇರಿ ಅಷ್ಟು ಹೊತ್ತು ಒಂದೇ ಕೆಲಸ ಮಾಡಿದ್ದು ಅದೇ ಮೊದಲು. ನನಗೆ ಬಹಳ ಹಿಡಿಸಿತು.

ಗಣಪತಿ ಕೂರುವ ಹೊತ್ತಿಗೆ ಆಟ ಒಂದು ಹದಕ್ಕೆ ಬಂದಿತ್ತು. ಅದರ ನಂತರದ ಒಂದು ದಿನ, ಸಂಜೆಯಾಗುತ್ತಿದ್ದಂತೆ, ಎಲ್ಲವನ್ನೂ ಸೇರಿಸಿ ಕ್ಯಾಸೆಟ್ಟಿಗೆ ತುಂಬಬೇಕಿತ್ತು. ಇಲ್ಲಿ ನಮ್ಮ ಗೋಡೆಯ ಬಗ್ಗೆ ಹೇಳಬೇಕು. ಗೋಡೆಯ ಆಚೆಗೆ ಮಗ್ಗಗಳ ಶೆಡ್ಡು. ಮಗ್ಗ ನಡೆದಾಗ ಗೋಡೆ ನಡುಗಿ ಸ್ವಿಚ್ ಬೋರ್ಡಿನಲ್ಲಿ ಸಿಕ್ಕಿಸಿದ ಪಿನ್ನು ಸಡಿಲಾಗಿ ಜಾರುತ್ತಿತ್ತು. ತುಂಬುವಷ್ಟು ಹೊತ್ತು ಒಬ್ಬರು ಅದನ್ನು ಒತ್ತಿ ಹಿಡಿದು ನಿಲ್ಲಬೇಕು. ಕಾಕು ಮುಂದೆ ಬಂದರು. ಮರಾಠಿ ಮನೆಯವರು, ದುಂಡುಮುಖ, ಎಲ್ಲದರಲ್ಲೂ ಉಮೇದು. ನಮ್ಮ ಕನ್ನಡ ಅವರಿಗೆ ಅರ್ಧಂಬರ್ಧ. "ಮೀ ಸಾಂಗೇನ ತೇವ್ಹಾ ಸೋಡಾ" ಎಂದೆ, ನಾನು ಹೇಳಿದಾಗ ಬಿಡಿ ಎಂದು. ಅವರು ಗಂಭೀರವಾಗಿ ತಲೆಯಾಡಿಸಿ ಎರಡೂ ಕೈಯಿಂದ ಪಿನ್ನು ಒತ್ತಿ ನಿಂತರು.

ರೆಕಾರ್ಡರು ತಿರುಗತೊಡಗಿತು. ಹಳೆಯದರ ಮೇಲೇ ಹೊಸದನ್ನು ತುಂಬುತ್ತಿದ್ದೆ, ಕ್ಯಾಸೆಟ್ಟಿನಲ್ಲಿ ಅಷ್ಟೇ ಜಾಗ ಉಳಿದಿದ್ದದ್ದು. ಟೀವಿಯ ಅಂಚಿನಲ್ಲಿ ಬೂದು ಪಟ್ಟೆಗಳು ಓಡುತ್ತಿದ್ದವು. ಅರ್ಧ ಆಗಿರಬೇಕು. ಅಡುಗೆಮನೆಯಿಂದ ಅತ್ತೆ, ಅವರಿಗೆ ಟೀವಿ ಬೇಕಾಗಿತ್ತು, ಕೂಗಿದರು:

"ಆತಾ?"

ನಮ್ಮ ಮಾತಿನಲ್ಲಿ ಅದು 'ಮುಗಿಯಿತೇ?' ಎಂಬ ಪ್ರಶ್ನೆ. ಮರಾಠಿಯಲ್ಲಿ 'ಆತಾ' ಅಂದರೆ 'ಈಗ'. ಕಾಕು ಪಿನ್ನು ಬಿಟ್ಟರು. ಬಿಟ್ಟದ್ದಷ್ಟೇ ಅಲ್ಲ, ಹೇಳಿದ ಕೆಲಸ ಚೊಕ್ಕವಾಗಿ ಮಾಡಬೇಕೆಂದು ಕಿತ್ತು ಕೈಯಲ್ಲೇ ಹಿಡಿದುಕೊಂಡರು.

ಪರದೆ ಕಪ್ಪಾಯಿತು. ಪೆಟ್ಟಿಗೆಯಲ್ಲಿದ್ದದ್ದು ಹೋಯಿತು, ಕ್ಯಾಸೆಟ್ಟಿನಲ್ಲಿದ್ದ ಹಳೆಯದೂ ಹೋಯಿತು. ನಾನು ಕಾಕುವಿನ ಮುಖ ನೋಡಿದೆ. "ತುಮ್ಹೀಚ ಮ್ಹಣಾಲಾತ ನಾ, ಆತಾ" ಎಂದರು ಅವರು, ನೀವೇ ಹೇಳಿದಿರಲ್ಲ ಈಗ ಅಂತ. ಅಡುಗೆಮನೆಯಿಂದ ಮತ್ತೆ, "ಆತಾ?"

"ಆತ್ರಿ" ಎಂದೆ. ಎದ್ದು ಹಿತ್ತಲಿಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೆಲ್ಲ ಮತ್ತೊಮ್ಮೆ ತೊಳೆದೆ. ತಿಕ್ಕಿದ ರಭಸಕ್ಕೆ ತಾಮ್ರದ ತಂಬಿಗೆ ಹೊಸದಾಯಿತು. ಕಣ್ಣಲ್ಲಿ ನೀರು ಬಂದದ್ದು ಹುಣಸೆಹಣ್ಣಿನಿಂದಲ್ಲ. ಯಾರನ್ನು ಬೈಯುವುದು? ಒಬ್ಬರು ತಮ್ಮ ಭಾಷೆಯಲ್ಲಿ ಸರಿಯಾಗಿ ಕೇಳಿದ್ದರು, ಇನ್ನೊಬ್ಬರು ತಮ್ಮ ಭಾಷೆಯಲ್ಲಿ ಸರಿಯಾಗಿ ತಿಳಿದಿದ್ದರು. ಎಷ್ಟೋ ಹೊತ್ತಿನ ಮೇಲೆ ತಂಬಿಗೆ ಕೈಯಲ್ಲಿರುವಂತೆಯೇ ನಗು ಬಂತು. ಹಿಂದೆ ತಿರುಗಿದರೆ ಬಾಗಿಲಲ್ಲಿ ಅತ್ತೆ.

"ನನ್ನಿಂದ ಕೆಟ್ಟತೇನ?"

"ಇಲ್ರಿ. ಮರಾಠಿಯಿಂದ ಕೆಟ್ಟತು."

ಅವರಿಗೆ ವಿವರಿಸಿ ಹೇಳಿದೆ. ಅತ್ತೆ ಬಾಗಿಲ ಚೌಕಟ್ಟು ಹಿಡಿದು, ಮೊಣಕಾಲು ನೋವನ್ನೂ ಮರೆತು ನಕ್ಕರು. ಆಮೇಲೆ ಸೊಂಟದಿಂದ ಬೀಗದ ಕೈ ತೆಗೆದು ನನ್ನ ಒದ್ದೆ ಕೈಯಲ್ಲಿಟ್ಟರು. "ಇವತ್ತ ನನಗ ಟೀವಿ ಬ್ಯಾಡ. ಮತ್ತ ಬರಿ ಹೋಗು." ಅದು ಹೂಂ ಅಲ್ಲ, ಒಂದು ದಿನದ ರಜೆ ಎಂದು ನನಗೆ ಗೊತ್ತಿತ್ತು. ಆದರೂ ಆ ಬೀಗದ ಕೈಯನ್ನು ತೆಗೆದುಕೊಂಡಾಗ ನನಗಾದ ಸಂತೋಷ ಸಣ್ಣದಲ್ಲ.

ಎರಡನೆಯ ಸಲ ಬರೆದ ಆಟ ಮೊದಲಿನದಕ್ಕಿಂತ ಚೆನ್ನಾಗಿ ಬಂತು. ಮೊದಲ ಸಲ ತಡಕಾಡಿದ್ದನ್ನೆಲ್ಲ ಈಗ ಕೈ ತಾನಾಗಿ ಮಾಡುತ್ತಿತ್ತು. ಕಾಕು ಪ್ರಾಯಶ್ಚಿತ್ತವೆಂದು ದಿನಾ ಮಧ್ಯಾಹ್ನ ಬಂದು ಪಿನ್ನು ಹಿಡಿದರು; 'ಸೋಡಾ' ಎಂಬ ಮಾತು ನನ್ನ ಬಾಯಿಂದಲೇ, ಕಣ್ಣಿಗೆ ಕಣ್ಣಿಟ್ಟು ಹೇಳುವವರೆಗೆ ಉಸಿರೂ ಬಿಡುತ್ತಿರಲಿಲ್ಲ. ಯಾವ ಕಾಯಿ ನಡೆಸಬೇಕೆಂದು ಒತ್ತುವ ಕೀಲಿಗಳ ಮೇಲೆ ನನ್ನ ಹಣೆಯ ಟಿಕಳಿಗಳನ್ನು ಅಂಟಿಸಿದೆ: ದುಂಡನೆಯದು, ಉದ್ದನೆಯದು, ಚಂದ್ರದಂಥದ್ದು, ಎಲೆಯಂಥದ್ದು. ಪರದೆಯ ಮೇಲಿನ ಕಾಯಿಗಳಿಗೂ ಅವೇ ಆಕಾರ. ಓದಲು ಬಾರದವರೂ ಆಡಬಹುದು.

ನವರಾತ್ರಿ ಶುರುವಾಗುವ ಮುನ್ನ ಒಂದು ದಿನ ಅತ್ತೆಯನ್ನು ಕರೆದು ಕೂರಿಸಿದೆ. ಅವರು ತಮ್ಮ ಟೀವಿಯಲ್ಲಿ ತಮ್ಮ ಕಟ್ಟೆಯನ್ನು ನೋಡಿದರು. ಮನೆಗಳನ್ನು ಬೆರಳಿಟ್ಟು ಎಣಿಸಿದರು. ಕಟ್ಟೆಯ ಮನೆಗಳು ಎಲ್ಲಿರಬೇಕೋ ಅಲ್ಲೇ ಇದ್ದವು. ಕೆಳಗೆ ಒಂದು ಸಾಲು ಕನ್ನಡ ಅಕ್ಷರ ಮೂಡಿತು.

"ಏನ ಅಂತೈತಿ ಅದು?"

"ನಿನ್ನ ಪಾಳಿ ಅಂತೈತ್ರಿ."

ಪಾಳಿ ನಮ್ಮಲ್ಲಿ ಸರದಿಗೂ ಹೌದು, ಮಗ್ಗದ ಕೆಲಸದ ಹೊತ್ತಿಗೂ ಹೌದು. ಆ ಶಬ್ದಕ್ಕೆ ಅವರ ತಕರಾರಿರಲಿಲ್ಲ.

"ನಿನ್ನ? ಯಾರಿಗೆ ನಿನ್ನ ಅಂತೈತಿ? ನಾ ಏನ ಇದರ ಓರಗಿಯಾಕಿ ಏನ?"

ನಾನು ಬೆಪ್ಪಾದೆ. 'ಮ್ಮ' ಬರೆಯುವುದು ಬಹಳ ಕಷ್ಟ. ಒಂದರ ಕೆಳಗೊಂದು ಎರಡು 'ಮ', ಎಂಟು ಮನೆಯಲ್ಲಿ ಕೂರುವುದೇ ಇಲ್ಲ. ಸುಲಭವಾಯಿತೆಂದು 'ನ್ನ' ಹಾಕಿಬಿಟ್ಟಿದ್ದೆ. ಅತ್ತೆಗೆ ಏಕವಚನದಲ್ಲಿ ಮಾತಾಡುವ ಯಂತ್ರ ಮಾಡಿದ್ದೇನೆಂದು ನನಗೆ ಹೊಳೆದೇ ಇರಲಿಲ್ಲ.

"ಟೀವಿ ಬಂದು ಎರಡ ವರ್ಷಾತು, ನನಗ ಏನೂ ಅಂದಿಲ್ಲ. ಇದು ಮೊದಲನೇ ಮಾತಿಗೇ ಏಕವಚನ" ಎಂದು ಎದ್ದು ಹೋದರು.

ನಾನೂ ನಮ್ಮ ಮನೆಯವರೂ ಮತ್ತೆ ಚೌಕಳಿ ಕಾಗದ ಹಿಡಿದೆವು. ಕೊನೆಗೆ ಅವರು 'ಮ್ಮ'ವನ್ನು ಎರಡು ಚೌಕಗಳಿಗೆ ಹರಡಿ, ಕೆಳಗಿನದನ್ನು ಮೇಲಿನದರ ನೆರಳಿನಂತೆ ಕೂರಿಸಿದರು. ಜಾಗ ಸಾಲದೆ 'ಹಣ್ಣಾತು' ಎಂಬುದನ್ನು ತೆಗೆದುಹಾಕಬೇಕಾಯಿತು. ಹೋಗಲಿ, ಹಣ್ಣಾದದ್ದು ಕಣ್ಣಿಗೆ ಕಾಣುತ್ತದೆ. ಮಾರನೆಯ ದಿನ ಅತ್ತೆ ಮುನಿಸಿನಿಂದಲೇ ಬಂದು ಕೂತರು.

"ಈಗೇನ ಅಂತೈತಿ?"

"ನಿಮ್ಮ ಪಾಳಿ ಅಂತೈತ್ರಿ."

"ಹಾಂ. ಈಗ ಮನಷ್ಯಾರಂಗ ಮಾತಾಡತೈತಿ" ಎಂದು ಕೀಲಿ ಒತ್ತಿದರು.

ಮೊದಲ ಆಟ ಸೋತರು. ಕವಡಿ ಗಾಜಿನ ಹಿಂದೆ ಉರುಳುತ್ತಿದ್ದವು, ಮಣಿಕಟ್ಟು ವಾಲಿಸಿ ಪ್ರಯೋಜನವಿರಲಿಲ್ಲ. ಅಭ್ಯಾಸಬಲದಿಂದ ಕೀಲಿಯ ಮೇಲೂ ವಾಲಿಸುತ್ತಿದ್ದರು. ಪೆಟ್ಟಿಗೆಗೆ ಬಾರಾ ಬಿದ್ದಾಗಲೆಲ್ಲ ನನ್ನನ್ನು ದುರುಗುಟ್ಟಿ ನೋಡುವರು. "ನೀ ಇದಕ್ಕ ಮೊದ್ಲ ಹೇಳಿ ಇಟ್ಟೀದಿ." ಇಲ್ಲವೆಂದು ಆಣೆ ಮಾಡಿದೆ. ಎರಡನೆಯ ಆಟವನ್ನೂ ಸೋತರು. ಓಣಿಯಲ್ಲಿ ಸೋಲು ಕಾಣದವರು ಗೂಟಕ್ಕೆ ಕಟ್ಟಿದಂತೆ ಅಲ್ಲೇ ಕೂತರು. ಮೂರನೆಯದನ್ನು ಗೆದ್ದಾಗ ಕಾಕುವನ್ನು ಕರೆಸಿ, ಪರದೆಯ ಮೇಲೆ ಹಣ್ಣಾದ ನಾಲ್ಕೂ ಕಾಯಿಗಳನ್ನು ತೋರಿಸಿ, ಚಹಾ ಮಾಡಿಸಿದರು. ಯಾವ ಮೋಸವೂ ಇಲ್ಲದೆ ಗೆದ್ದ ಗೆಲುವು ಅದು. ಅವರ ಮುಖದ ಮೇಲಿದ್ದ ಖುಷಿಯನ್ನು ನಾನು ಕಟ್ಟೆಯ ಆಟದಲ್ಲಿ ಒಮ್ಮೆಯೂ ಕಂಡಿರಲಿಲ್ಲ.

ನವರಾತ್ರಿಯ ದಿನಗಳಲ್ಲಿ ಟೀವಿಯ ಬಾಗಿಲಿಗೆ ಬೀಗ ಬೀಳಲಿಲ್ಲ. ಆದರೆ ಅತ್ತೆ ಹೂಂ ಎಂದೂ ಅನ್ನಲಿಲ್ಲ. ಕೇಳಲು ನನಗೆ ಧೈರ್ಯವಿಲ್ಲ. ಕೇಳಿ 'ನೋಡೂಣು' ಎಂದುಬಿಟ್ಟರೆ? ನಮ್ಮ ಮನೆಯವರಿಗೆ ನೀವೇ ಕೇಳಿ ಎಂದರೆ, "ನನಗ ಡಿಸೈನ್ ಕೆಲಸೈತಿ" ಎಂದು ಮೇಜಿಗೆ ಬಗ್ಗಿದರು. ಗಂಡಸರ ಧೈರ್ಯದ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ದಸರೆಯ ದಿನ ಮಧ್ಯಾಹ್ನ ಗೆಳೆಯರು ಬಂದರು. ಬನ್ನಿ ಕೊಟ್ಟು, ಅತ್ತೆಯ ಕಾಲಿಗೆ ನಮಸ್ಕಾರ ಮಾಡಿದರು. ಅತ್ತೆ ಆಟದಲ್ಲಿದ್ದರು, ಕೈಯಿಂದಲೇ ಆಶೀರ್ವಾದ ಮಾಡಿ ಕಣ್ಣನ್ನು ಪರದೆಯಿಂದ ಕೀಳಲಿಲ್ಲ. ಗೆಳೆಯರ ಬಗಲಲ್ಲಿ ಅದೇ ಚೀಲ, ಈಗ ಖಾಲಿ. ಹೋಳಿಗೆಯ ತಾಟು ಕೊಟ್ಟು ಅಡುಗೆಮನೆಗೂ ಹೋಗದೆ, ಅಲ್ಲೂ ಕೂರದೆ ಬಾಗಿಲಲ್ಲೇ ನಿಂತೆ.

ಅವರು ತಿನ್ನುತ್ತ ಬಹಳ ಹೊತ್ತು ಪರದೆಯನ್ನೇ ನೋಡಿದರು. ತಮ್ಮ ಪೆಟ್ಟಿಗೆ ಇದನ್ನು ಮಾಡುತ್ತದೆಂದು ಅವರಿಗೂ ಗೊತ್ತಿರಲಿಲ್ಲ. ಕೆಳಗಿನ ಸಾಲನ್ನು ಬೆರಳಿನಿಂದ ತೋರಿಸಿದರು. "ಕನ್ನಡ ಏನ್ರಿ ಇದು? ನನಗ ಬರಂಗಿಲ್ಲ. ಏನ ಬರದೈತಿ?"

ಕೇಳಿದ್ದು ನನ್ನನ್ನು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು:

"ನನ್ನ ಪಾಳಿ ಅಂತ ಬರದೈತಿ."

ಪರದೆಯ ಮೇಲೆ ಇದ್ದದ್ದು 'ನಿಮ್ಮ ಪಾಳಿ'. ನಮ್ಮ ಮನೆಯವರು ಮೇಜಿನಿಂದ ತಲೆಯೆತ್ತಿ ನನ್ನ ಕಡೆ ನೋಡಿದರು, ಸರಿಯೋ ತಪ್ಪೋ ಎಂದು ತಿಳಿಯಲು. ತಾವೇ ತಿದ್ದಿದ ಅಕ್ಷರಗಳನ್ನು ಅವರು ಓದಲಾರರು, ಗೆಳೆಯರೂ ಓದಲಾರರು. ಆ ಮಧ್ಯಾಹ್ನ ಆ ಕೋಣೆಯಲ್ಲಿ ಕನ್ನಡ ಓದಬಲ್ಲವರು ನಾನು ಮತ್ತು ನಮ್ಮ ಅತ್ತೆ, ಇಬ್ಬರೇ.

"ಖರೇನ ಏನ್ರಿ ವೈನಿ?" ಎಂದರು ಗೆಳೆಯರು.

"ಹೌದ್ರಿ" ಎಂದೆ. "ಸರಿಯಾಗಿ ಓದ್ಯಾರ."

ಗೆಳೆಯರು ಕೈ ತೊಳೆದು ಬಂದು ಚೀಲವನ್ನು ಮಡಚಿ ಜೇಬಿಗೆ ತುರುಕಿಕೊಂಡರು. ಅತ್ತೆ ಅವರ ಕಡೆ ತಿರುಗಲೂ ಇಲ್ಲ. ಚಂದ್ರದ ಟಿಕಳಿಯ ಮೇಲೆ ಬೆರಳಿಟ್ಟು, ಪರದೆಯ ಆ ಸಾಲನ್ನು ಇನ್ನೊಮ್ಮೆ, ಈ ಸಲ ತುಟಿಯಲ್ಲೇ, ನಿಧಾನಕ್ಕೆ ಓದುತ್ತಿದ್ದರು.